ವಿನಿಮಯ ಕಚೇರಿಯ ಸಲಹಾ ಸಮಿತಿ: ನನ್ನ ಅನುಭವ

ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಸಲಹಾ ಸಮಿತಿಯೊಂದು ಬೇಕೆಂದು ನಾನು ಟಿಪ್ಪಣಿ ಮಂಡಿಸಿದಾಗ ನಕ್ಕವರೇ ಹೆಚ್ಚು. ನಿವೃತ್ತನಾದ ಮೇಲೆ ಅವರಲ್ಲಿ ಕೆಲವರು ‘ಹೇಗೆ ನಡೆಸಿದಿರಿ ಸ್ವಾಮಿ’ ಎಂದು ವಿಚಾರಿಸುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಖಾಲಿ ಹುದ್ದೆಗಳನ್ನು ವಿನಿಮಯ ಕಚೇರಿಗೆ ಕಡ್ಡಾಯವಾಗಿ ತಿಳಿಸಬೇಕೆಂಬ 1959ರ ಕಾಯ್ದೆಯ ಕೊರತೆ ನಮಗೆಲ್ಲ ಗೊತ್ತಿದ್ದದ್ದೇ. 25 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆ ಖಾಲಿ ಹುದ್ದೆಯನ್ನು ತಿಳಿಸಬೇಕಿತ್ತೇ ಹೊರತು, ನಾವು ಕಳುಹಿಸಿದವರನ್ನು ತೆಗೆದುಕೊಳ್ಳಬೇಕೆಂಬ ಕಟ್ಟುಪಾಡು ಇರಲಿಲ್ಲ. ಅದೇ ವರ್ಷ ಭಾರತ ಅನುಮೋದಿಸಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 88ನೇ ಒಡಂಬಡಿಕೆಯಲ್ಲಿ ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರುವ ಸಲಹಾ ಸಮಿತಿಗಳ ಮಾತಿದೆ. ಅಗತ್ಯವಿದ್ದೆಡೆ ಸ್ಥಳೀಯ ಸಮಿತಿಯೂ ಇರಬಹುದು. ನಾನು ಹಿಡಿದುಕೊಂಡದ್ದು ಆ ಎಳೆಯನ್ನೇ.

ಮೊದಲ ಸಭೆಗೆ ಸುಮಾರು 14 ಮಂದಿಯನ್ನು ಕರೆದಿದ್ದೆ, ಬಂದವರು ಮೂವರು. ಉಪ್ಪಿಟ್ಟು–ಕಾಫಿಗೆ ಕೈಯಿಂದ ಹೋದ 900 ರೂಪಾಯಿ ಇಂದಿಗೂ ಮರಳಿ ಬಂದಿಲ್ಲ, ಬಿಲ್ಲು ಆಕ್ಷೇಪಣೆಯಲ್ಲಿಯೇ ಉಳಿಯಿತು. ಎರಡನೆಯ ಸಭೆಗೆ ಏಳೆಂಟು ಜನ ಸೇರಿದರಾದರೂ, ಸದಸ್ಯರೊಬ್ಬರು ತಮ್ಮ ಅಣ್ಣನ ಮಗನ ನೋಂದಣಿ ಚೀಟಿಯನ್ನು ಮೆಲ್ಲಗೆ ನನ್ನ ಮೇಜಿನ ಮೇಲಿಟ್ಟರು. ಸಮಿತಿಗಳನ್ನು ಕೊಲ್ಲುವ ರೋಗವೇ ಇದು. ಅಭ್ಯರ್ಥಿಗಳ ಹೆಸರು ಸಭೆಯಲ್ಲಿ ಬರಕೂಡದು, ಹುದ್ದೆಗಳ ಬಗ್ಗೆ ಮಾತ್ರ ಚರ್ಚೆ ಎಂದು ಅಂದೇ ನಡಾವಳಿಯಲ್ಲಿ ಬರೆಸಿದೆ. ಅವರ ಮನಸ್ಸು ನೋಯದಂತೆ ಅದನ್ನು ಹೇಗೆ ಒಪ್ಪಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ.

ಮೂರನೆಯ ಸಭೆಯನ್ನು ಕೈಗಾರಿಕಾ ವಸಾಹತಿನ ವರ್ಕ್‌ಶಾಪೊಂದರಲ್ಲಿ ಇಟ್ಟುಕೊಂಡೆ. ಅಲ್ಲಿಗೆ ಟರ್ನರ್, ಅಂದರೆ ಲೇತ್ ಯಂತ್ರ ನಡೆಸುವವರು, ಬೇಕೆಂದು ಎರಡು ಬಾರಿ ಬೇಡಿಕೆ ಬಂದಿತ್ತು, ನಾವು ಕಳುಹಿಸಿದ ಸುಮಾರು 40 ಐಟಿಐ ಹುಡುಗರಲ್ಲಿ ಒಬ್ಬನೂ ಆಯ್ಕೆಯಾಗಿರಲಿಲ್ಲ. ಕಾರ್ಮಿಕರ ಕಡೆಯಿಂದ ಬಂದಿದ್ದ ಹಳೆಯ ಫಿಟ್ಟರ್ ಒಬ್ಬರು ಯಂತ್ರದ ಮುಂದೆ ನಿಂತು, ‘ಇದು ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಲೇತ್, ನೀವು ಬರೆದು ಕೇಳಿದ್ದು ಕೈಲೇತಿನವನನ್ನು’ ಎಂದು ಮಾಲೀಕರಿಗೇ ಹೇಳಿದರು. ಬೇಡಿಕೆ ಪತ್ರವನ್ನು ಅಲ್ಲಿಯೇ ತಿದ್ದಿಸಿದೆವು. ಮುಂದಿನ ಪಟ್ಟಿಯಿಂದ ಐದು ಜನ ಸೇರಿದರು.

ಉಡುಪು ಕಾರ್ಖಾನೆಯ ಸಂಗತಿ ಇನ್ನೂ ಸಣ್ಣದು. ಹಳ್ಳಿಯ ಹೆಣ್ಣುಮಕ್ಕಳು ಸೇರಿ ವಾರದೊಳಗೆ ಬಿಡುತ್ತಿದ್ದರು. ಸಂಬಳ ಸಾಲದೆಂದು ನಾನು ವರದಿಯನ್ನೂ ಬರೆದಿದ್ದೆ. ಪಾಳಿ ಮುಗಿಯುವುದು ಆರೂವರೆಗೆ, ಆ ಕಡೆಯ ಕೊನೆಯ ಬಸ್ಸು ಆರೂಕಾಲಿಗೆ ಎಂದು ತಿಳಿಸಿದವರು ಕಾರ್ಮಿಕ ಸಂಘದ ಮಹಿಳಾ ಸದಸ್ಯೆ. ಕಾರ್ಖಾನೆಯವರು ಪಾಳಿಯನ್ನು ಅರ್ಧ ಗಂಟೆ ಹಿಂದಕ್ಕೆ ತಂದರು. ನನ್ನ ವರದಿಯನ್ನು ನಾನೇ ಕಡತದಿಂದ ತೆಗೆಸಿದೆ.

ಹಿಟ್ಟಿನ ಗಿರಣಿಗಳಲ್ಲಿ ಹುದ್ದೆಗಳ ಪಟ್ಟಿ ಅಂಟಿಸುವ ಪ್ರಯೋಗವನ್ನೂ ಮಾಡಿದ್ದೆ. ಬಂದವರಲ್ಲಿ ಬಹುಪಾಲು ಸರ್ಕಾರಿ ನೌಕರಿ ಕೇಳಿದವರೇ ಆದ್ದರಿಂದ ಎರಡು ತಿಂಗಳಲ್ಲಿ ಕೈಬಿಟ್ಟೆ.

ಮೊದಲು 100 ಜನರನ್ನು ಕಳುಹಿಸಿದರೆ ನಾಲ್ಕೈದು ಮಂದಿ ಕೆಲಸಕ್ಕೆ ಸೇರುತ್ತಿದ್ದರು, ಮೂರನೆಯ ವರ್ಷಕ್ಕೆ ಅದು 20ರ ಹತ್ತಿರ ಬಂದಿತ್ತೆಂದು ನೆನಪು. ನಕ್ಕವರಲ್ಲೊಬ್ಬರು ಬಳಿಕ ತಮ್ಮ ಜಿಲ್ಲೆಗೆಂದು ನಮ್ಮ ನಡಾವಳಿ ಪುಸ್ತಕದ ಜೆರಾಕ್ಸ್ ತರಿಸಿಕೊಂಡರು, ಅದರ ಹಣವನ್ನೂ ಕೊಡಲಿಲ್ಲ.