ಕಬ್ಬಿನ ಗದ್ದೆಯಲ್ಲಿ ಹ್ಯೂಮಿಕ್ ಮತ್ತು ಫುಲ್ವಿಕ್ ಆಮ್ಲ: ನನ್ನ ಅನುಭವ

ಮಂಡ್ಯ ಜಿಲ್ಲೆಯ ಕಬ್ಬು, ಭತ್ತದ ಬೆಳೆಗಾರರಿಗೆ ಹ್ಯೂಮಿಕ್ ಆಮ್ಲದ ಹೆಸರು ಈಗ ಹೊಸದೇನಲ್ಲ. ಗೊಬ್ಬರದ ಅಂಗಡಿಗೆ ಯೂರಿಯಾ ತರಲು ಹೋದವರ ಮುಂದೆ ಕಪ್ಪು ಹರಳಿನ ಪೊಟ್ಟಣವೊಂದನ್ನು ಇಟ್ಟು, ಇದನ್ನು ಹಾಕಿದರೆ ಸತ್ತ ಮಣ್ಣಿಗೆ ಜೀವ ಬರುತ್ತದೆ ಎಂದು ಹೇಳುವುದು ವಾಡಿಕೆಯಾಗಿದೆ. ಮದ್ದೂರು ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗಕ್ಕೆ ಸೇರಿದ ನಮ್ಮ ಜಮೀನಿನಲ್ಲಿ ಹಲವು ವರ್ಷಗಳಿಂದ ಇದನ್ನು ಬಳಸುತ್ತಾ ಬಂದಿರುವ ನನ್ನ ತಿಳಿವಳಿಕೆಯಂತೆ, ಹ್ಯೂಮಿಕ್ ಮತ್ತು ಫುಲ್ವಿಕ್ ಆಮ್ಲಗಳು ಬೇರಿಗೆ ನೆರವಾಗುವ ವಸ್ತುಗಳೇ ಹೊರತು ಮಣ್ಣಿಗೆ ಸಾವಯವ ಅಂಶವನ್ನು ತುಂಬಿಕೊಡುವ ವಸ್ತುಗಳಲ್ಲ. ಇದನ್ನು ಅರಿತು ಬಳಸುವವರಿಗೆ ಕೊಟ್ಟ ಹಣಕ್ಕೆ ಪ್ರತಿಫಲವಿದೆ, ಅರಿಯದೆ ಕೊಟ್ಟಿಗೆ ಗೊಬ್ಬರವನ್ನು ಕೈಬಿಟ್ಟು ಇದನ್ನೇ ನಂಬಿದವರಿಗೆ ನಷ್ಟ ಖಚಿತ.

ನಮ್ಮದು ಮೇಲುಭಾಗದಲ್ಲಿ ಕೆಂಪು ಮರಳುಮಿಶ್ರಿತ ಗೋಡು ಮಣ್ಣು, ಬಸಿಗಾಲುವೆಯ ಕಡೆಗೆ ಇಳಿದಂತೆ ಸ್ವಲ್ಪ ಚೌಳು. ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಹಚ್ಚುವುದು, ಕೂಳೆಗೆ, ಅಂದರೆ ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆಗೆ, ಯೂರಿಯಾ ಎರಚುವುದು, ನಾಲೆಯಲ್ಲಿ ನೀರು ಬಂದಾಗ ಗದ್ದೆ ತುಂಬಿಸುವುದು ನಮ್ಮ ಭಾಗದಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಮಣ್ಣು ಪರೀಕ್ಷೆ ಮಾಡಿಸಿದಾಗ ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಎಂದು ಬಂದಿತು. ಮಣ್ಣು ಪರೀಕ್ಷಾ ವರದಿಗಳಲ್ಲಿ ಶೇ. 0.5ರ ಕೆಳಗಿದ್ದರೆ ಕಡಿಮೆ, 0.5ರಿಂದ 0.75ರವರೆಗೆ ಮಧ್ಯಮ, ಅದಕ್ಕೂ ಮೇಲಿದ್ದರೆ ಹೆಚ್ಚು ಎಂದು ಗುರುತಿಸುತ್ತಾರೆ. ಈ ಕೊರತೆಯನ್ನು ನೀಗಿಸಲೆಂದೇ ನಾನು ಹ್ಯೂಮಿಕ್ ಆಮ್ಲದ ಬಗ್ಗೆ ವಿಚಾರಿಸತೊಡಗಿದ್ದು.

ಆಗ ಮೊದಲು ಮಾಡಿದ ಕೆಲಸವೆಂದರೆ ಒಂದು ಸರಳ ಲೆಕ್ಕ. ಒಂದು ಎಕರೆಯಲ್ಲಿ ಉಳುಮೆಯ ಆಳದ, ಅಂದರೆ ಸುಮಾರು 15 ಸೆಂಟಿಮೀಟರ್‌ವರೆಗಿನ ಮೇಲ್ಮಣ್ಣಿನ ತೂಕ ಅಂದಾಜು 9 ಲಕ್ಷ ಕಿಲೋ. ಸಾವಯವ ಇಂಗಾಲವನ್ನು ಶೇ. 0.45ರಿಂದ 0.55ಕ್ಕೆ ಏರಿಸಬೇಕಾದರೂ ಆ ಮಣ್ಣಿನಲ್ಲಿ 900 ಕಿಲೋ ಇಂಗಾಲ ಹೆಚ್ಚುವರಿಯಾಗಿ ನಿಲ್ಲಬೇಕು. ಎಕರೆಗೆ 2 ಕಿಲೋ ಪೊಟ್ಯಾಸಿಯಂ ಹ್ಯೂಮೇಟ್, ಅಂದರೆ ನೀರಿನಲ್ಲಿ ಕರಗುವ ರೂಪದ ಹ್ಯೂಮಿಕ್ ಹರಳು, ಹಾಕಿದರೆ ಅದರಿಂದ ಸಿಗುವ ಇಂಗಾಲ ಸುಮಾರು 1 ಕಿಲೋ ಮಾತ್ರ. ಅದೇ ಒಂದು ಎಕರೆ ಕಬ್ಬು ಕಡಿದಾಗ ಮೂರರಿಂದ ನಾಲ್ಕು ಟನ್ ಒಣ ತರಗು ನೆಲದ ಮೇಲೆ ಉಳಿಯುತ್ತದೆ, ಅದರಲ್ಲಿ ಒಂದೂವರೆ ಟನ್‌ನಷ್ಟು ಇಂಗಾಲವಿರುತ್ತದೆ. ಕೊಳೆಯುವಾಗ ಬಹುಪಾಲು ಗಾಳಿಗೆ ಹೋದರೂ ಉಳಿಯುವ ಭಾಗ ಯಾವ ಪೊಟ್ಟಣದಲ್ಲಿ ಬರುವುದಕ್ಕಿಂತಲೂ ನೂರಾರು ಪಟ್ಟು ಹೆಚ್ಚು. ಹೀಗಿರುವಾಗ ತರಗಿಗೆ ಬೆಂಕಿ ಹಚ್ಚಿ ಹ್ಯೂಮಿಕ್ ಕೊಳ್ಳುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ನಾನು ಮೊದಲು ತರಗು ಸುಡುವುದನ್ನು ನಿಲ್ಲಿಸಿದೆ. ಸಾಲು ಬಿಟ್ಟು ಸಾಲಿಗೆ ತರಗು ಹರಡಿ, ಅದು ಬೇಗ ಕೊಳೆಯಲೆಂದು ಸ್ವಲ್ಪ ಯೂರಿಯಾ ಮತ್ತು ಸೂಪರ್ ಫಾಸ್ಫೇಟ್ ಚೆಲ್ಲಿ, ಮೇಲೆ ಸಗಣಿ ಬಗ್ಗಡ ಎರಚಿದೆ. ಭತ್ತದ ಗದ್ದೆಗೆ ನಾಟಿಗೆ ಮುಂಚೆ ಹಸಿರೆಲೆ ಗೊಬ್ಬರದ ಬೆಳೆಯಾದ ಅಪ್ಸೆಣಬು ಬಿತ್ತಿ, ಹೂ ಬಿಡುವ ಹೊತ್ತಿಗೆ ಉಳುಮೆ ಮಾಡಿ ಸೇರಿಸಿದೆ. ಹ್ಯೂಮಿಕ್ ಆಮ್ಲದ ಬಳಕೆ ಇದಾದ ಮೇಲೆ ಬಂದದ್ದು.

ಈ ವಸ್ತುಗಳು ಏನೆಂಬುದನ್ನೂ ತಿಳಿದಿರಬೇಕು. ಸಾವಯವ ಪದಾರ್ಥ ಕೊಳೆತು ಉಂಟಾಗುವ ಕಪ್ಪು ಅಂಶವನ್ನು ಕ್ಷಾರದ ದ್ರಾವಣದಲ್ಲಿ ಕರಗಿಸಿ ತೆಗೆದು, ಆ ದ್ರಾವಣಕ್ಕೆ ಆಮ್ಲ ಸೇರಿಸಿದಾಗ ಗಸಿಯಾಗಿ ತಳ ಸೇರುವ ಭಾಗ ಹ್ಯೂಮಿಕ್ ಆಮ್ಲ, ಕರಗಿಯೇ ಉಳಿಯುವ ಹಳದಿ ಬಣ್ಣದ ಭಾಗ ಫುಲ್ವಿಕ್ ಆಮ್ಲ. ಮಾರುಕಟ್ಟೆಯಲ್ಲಿ ಸಿಗುವ ಹ್ಯೂಮಿಕ್ ಹೆಚ್ಚಾಗಿ ಲಿಗ್ನೈಟ್ ಮತ್ತು ಲಿಯೊನಾರ್ಡೈಟ್ ಎಂಬ ಎಳೆಯ ಕಲ್ಲಿದ್ದಲಿನ ಜಾತಿಯ ಖನಿಜಗಳಿಂದ ತೆಗೆದದ್ದು. ಮಣ್ಣಿನೊಳಗೆ ಈ ಆಮ್ಲಗಳು ಇದೇ ರೂಪದಲ್ಲಿರುತ್ತವೆಯೇ, ಅಥವಾ ಕ್ಷಾರ ಹಾಕಿ ತೆಗೆಯುವಾಗಲೇ ಈ ರೂಪ ತಾಳುತ್ತವೆಯೇ ಎಂಬ ಬಗ್ಗೆ ಮಣ್ಣು ವಿಜ್ಞಾನಿಗಳಲ್ಲಿ ಗಂಭೀರ ಚರ್ಚೆಯಿದೆ. ಆದರೆ ಪೊಟ್ಟಣದಲ್ಲಿ ಬರುವ ವಸ್ತು ಬೇರಿನ ಮೇಲೆ ಪರಿಣಾಮ ಬೀರುತ್ತದೆ ಎಂಬುದಕ್ಕೆ ಸಾಕಷ್ಟು ಆಧಾರವಿದೆ. ಬೇರಿನ ಹೊರಪೊರೆಯಲ್ಲಿ ಪೋಷಕಾಂಶ ಒಳಗೆಳೆಯುವ ಕೆಲಸಕ್ಕೆ ಚುರುಕು ಬರುತ್ತದೆ, ಪಕ್ಕಬೇರುಗಳು ಹೆಚ್ಚುತ್ತವೆ. ಎರೆಗೊಬ್ಬರದಿಂದ ತೆಗೆದ ಹ್ಯೂಮಿಕ್ ಆಮ್ಲವನ್ನು ಮುಸುಕಿನ ಜೋಳದ ಸಸಿಗಳಿಗೆ ಕೊಟ್ಟು ಇದನ್ನು ತೋರಿಸಿದ್ದಾರೆ. ಎರೆಗೊಬ್ಬರ ಹಾಕಿದ ತೋಟದಲ್ಲಿ ಕಾಣುವ ಬೇರಿನ ಚೆಲುವಿಗೆ ಇದೂ ಒಂದು ಕಾರಣವೆಂದು ನನ್ನ ನಂಬಿಕೆ.

ಸರಕು ಕೊಳ್ಳುವಾಗ ನಾನು ಪಾಲಿಸುವ ಒಂದು ಪರೀಕ್ಷೆಯನ್ನು ವಿವರವಾಗಿ ಹೇಳಬೇಕು. ಕಬ್ಬಿನ ಸೀಮೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವಾದ ಕಾಕಂಬಿಗೆ ಬರವಿಲ್ಲ, ಕಾಕಂಬಿಯ ನೀರಿಗೂ ಹ್ಯೂಮಿಕ್ ದ್ರಾವಣಕ್ಕೂ ನೋಟದಲ್ಲಿ ವ್ಯತ್ಯಾಸ ಕಾಣದು. ಗಾಜಿನ ಲೋಟದಲ್ಲಿ ಶುದ್ಧವಾದ ಮಳೆನೀರು ತೆಗೆದುಕೊಂಡು ಚಿಟಿಕೆ ಹರಳು ಹಾಕಿದರೆ ಒಳ್ಳೆಯ ಪೊಟ್ಯಾಸಿಯಂ ಹ್ಯೂಮೇಟ್ ಎಳೆಎಳೆಯಾಗಿ ಬಣ್ಣ ಬಿಡುತ್ತಾ ಕೆಳಗಿಳಿದು, ಕಲಕಿದ ಮೇಲೆ ತಳದಲ್ಲಿ ಮರಳು ಉಳಿಸದೆ ಪೂರ್ತಿ ಕರಗುತ್ತದೆ. ಅನಂತರ ಬಯಲಿನಲ್ಲಿ, ಕೈಗೆ ರಬ್ಬರ್ ಗವಸು ಹಾಕಿಕೊಂಡು, ಶೌಚಾಲಯ ತೊಳೆಯಲು ಬಳಸುವ ಬಣ್ಣವಿಲ್ಲದ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಬಿಡುತ್ತೇನೆ. ಹ್ಯೂಮಿಕ್ ಇದ್ದರೆ ಒಂದೇ ಬಣ್ಣವಾಗಿದ್ದ ದ್ರಾವಣ ಒಡೆದು ಕಪ್ಪು ಚೂರುಗಳು ತೇಲಾಡಿ, ಸ್ವಲ್ಪ ಹೊತ್ತಿನಲ್ಲಿ ತಳಕ್ಕೆ ಕೂರುತ್ತವೆ, ಮೇಲೆ ತಿಳಿಯಾದ ಹಳದಿ ನೀರು ನಿಲ್ಲುತ್ತದೆ. ಕಾಕಂಬಿಯಾಗಲಿ ಬರೀ ಬಣ್ಣವಾಗಲಿ ಹೀಗೆ ಒಡೆಯುವುದಿಲ್ಲ. ಫುಲ್ವಿಕ್ ಎಂದು ಮಾರುವ ವಸ್ತು ಮಾತ್ರ ಆಮ್ಲ ಹಾಕಿದಾಗಲೂ ತಿಳಿಯಾಗಿಯೇ ಉಳಿಯಬೇಕು. ಆದರೆ ಕಾಗದ ಕಾರ್ಖಾನೆಯ ಉಪವಸ್ತುವಾದ ಲಿಗ್ನೋಸಲ್ಫೋನೇಟ್ ಕೂಡ ಹಾಗೆಯೇ ಉಳಿಯುವುದರಿಂದ ಫುಲ್ವಿಕ್ ವಿಷಯದಲ್ಲಿ ಈ ಪರೀಕ್ಷೆ ಸಾಲದು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು, ಹ್ಯೂಮಿಕ್ ಮತ್ತು ಫುಲ್ವಿಕ್ ಆಮ್ಲಗಳನ್ನು ಜೈವಿಕ ಉತ್ತೇಜಕಗಳ ಪಟ್ಟಿಗೆ ಸೇರಿಸಿದೆ. ಹಾಗಾಗಿ ಅಂಶದ ಪ್ರಮಾಣ ಮುದ್ರಿಸಿರುವ ಪೊಟ್ಟಣವನ್ನೇ ಕೇಳಿ, ರಸೀದಿಯೊಂದಿಗೆ ಕೊಳ್ಳುವುದು ಬೆಳೆಗಾರನ ಹಕ್ಕು.

ನೀರಿನ ಗುಣವೂ ಅಷ್ಟೇ ಮುಖ್ಯ. ನಮ್ಮ ಕೊಳವೆಬಾವಿಯ ನೀರು ಗಡಸು, ಪಾತ್ರೆಯಲ್ಲಿ ಕಾಯಿಸಿದರೆ ಬಿಳಿ ಪದರ ಕಟ್ಟುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ ಹ್ಯೂಮಿಕ್ ಆಮ್ಲವನ್ನು ಹಿಡಿದು ಗಸಿ ಮಾಡುತ್ತದೆ, ಆ ಗಸಿ ಹನಿ ನೀರಾವರಿಯ ಫಿಲ್ಟರ್‌ನಲ್ಲೂ ಡ್ರಿಪ್ಪರ್‌ಗಳಲ್ಲೂ ಕಟ್ಟಿಕೊಳ್ಳುತ್ತದೆ. ಆದ್ದರಿಂದ ದ್ರಾವಣವನ್ನು ನಾಲೆಯ ನೀರಿನಲ್ಲಿ ಇಲ್ಲವೇ ತೊಟ್ಟಿಯಲ್ಲಿ ಹಿಡಿದ ಮಳೆನೀರಿನಲ್ಲಿ ಹಿಂದಿನ ಸಂಜೆಯೇ ಕಲಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಹನಿ ನೀರಾವರಿಯ ಪೈಪಿಗೆ ದ್ರಾವಣವನ್ನು ಎಳೆದುಕೊಡುವ ವೆಂಚುರಿಯ ಮೂಲಕ ಬಿಡುತ್ತೇನೆ. ಕ್ಯಾಲ್ಸಿಯಂ ನೈಟ್ರೇಟ್, ಫಾಸ್ಫಾರಿಕ್ ಆಮ್ಲ ಮತ್ತು ಹುಳಿ ಗುಣದ ಯಾವುದೇ ಗೊಬ್ಬರವನ್ನು ಅದರೊಂದಿಗೆ ಬೆರೆಸುವುದಿಲ್ಲ, ಪೈಪುಗಳನ್ನು ಆಮ್ಲದಿಂದ ತೊಳೆಯುವ ದಿನವನ್ನೂ ಬೇರೆಯಾಗಿ ಇಡುತ್ತೇನೆ. ಯೂರಿಯಾ ಜೊತೆ ಕೊಡಲು ತೊಂದರೆಯಿಲ್ಲ.

ಕಬ್ಬಿಗೆ ಕೊಡುವ ಕಾಲವನ್ನು ಬೇರು ಹೊಸದಾಗಿ ಹೊರಡುವ ಸಮಯಕ್ಕೆ ಹೊಂದಿಸಿಕೊಂಡಿದ್ದೇನೆ. ತುಂಡು ನಾಟಿ ಮಾಡಿ ಮೊಳಕೆ ಬಂದ ಮೇಲೆ ಒಮ್ಮೆ, ಮರಿ ಒಡೆಯುವಾಗ ಮತ್ತೊಮ್ಮೆ, ಕೂಳೆಯಲ್ಲಾದರೆ ಬುಡ ಸವರಿ ಹಳೆಯ ಬೇರು ಕತ್ತರಿಸಿದ ಕೂಡಲೇ, ಪ್ರತಿ ಸಲವೂ ಎಕರೆಗೆ ಒಂದು ಕಿಲೋದಷ್ಟು ಪೂರ್ತಿ ಕರಗುವ ಹರಳನ್ನು ಕೊಡುತ್ತೇನೆ. ಕಬ್ಬು ಗಣ್ಣು ಕಟ್ಟಿ ಬೆಳೆದು ನಿಂತ ಮೇಲೆ ಕೊಡುವುದರಿಂದ ಹೇಳಿಕೊಳ್ಳುವಂಥ ಪ್ರಯೋಜನ ನನಗೆ ಕಂಡಿಲ್ಲ. ಪ್ರತಿ ಬಾರಿಯೂ ಕೆಲವು ಸಾಲುಗಳಿಗೆ ಬೇಕೆಂದೇ ಹ್ಯೂಮಿಕ್ ಕೊಡದೆ, ಗೂಟ ನೆಟ್ಟು ಗುರುತು ಮಾಡಿಡುತ್ತೇನೆ. ಎರಡೂ ಕಡೆ ಬುಡವನ್ನು ಗುದ್ದಲಿಯಿಂದ ಅಗೆದು ನೀರಿನಲ್ಲಿ ಅಲುಗಿಸಿ ತೊಳೆದರೆ, ಕೊಟ್ಟ ಸಾಲಿನ ಬೇರಿನಲ್ಲಿ ಕೂದಲೆಳೆಯಂಥ ಬಿಳಿ ಬೇರುಗಳು ದಟ್ಟವಾಗಿ, ಮಣ್ಣಿನ ಕಣಗಳನ್ನು ಬಿಡದೆ ಹಿಡಿದುಕೊಂಡಿರುವುದು ಕಾಣುತ್ತದೆ. ತರಗು ಹೊದಿಸಿ ಗೊಬ್ಬರ ತುಂಬಿದ ಭಾಗದಲ್ಲಿ ಈ ವ್ಯತ್ಯಾಸ ಕಡಿಮೆ, ಸಾರ ಕಳೆದುಕೊಂಡ ಮೇಲುಭಾಗದ ಮರಳು ಮಣ್ಣಿನಲ್ಲಿ ಹೆಚ್ಚು. 2014ರಲ್ಲಿ ಪ್ರಕಟವಾದ, ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರಲ್ಲಿ ಗಿಡದ ಮತ್ತು ಬೇರಿನ ಒಣತೂಕ ಸರಾಸರಿ ಶೇ. 20ರಷ್ಟು ಹೆಚ್ಚಿತೆಂದು ಕಂಡುಬಂದಿತ್ತು. ಆ ಅಂಕಿಯನ್ನು ಹಿಡಿದುಕೊಂಡು ಕಬ್ಬಿನ ಇಳುವರಿಯೂ ಅಷ್ಟೇ ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬಾರದು, ಬೇರಿನ ತೂಕವೇ ಬೇರೆ, ಕಾರ್ಖಾನೆಯ ತೂಕದ ಸೇತುವೆಯ ಮೇಲೆ ನಿಲ್ಲುವ ಟನ್ನೇ ಬೇರೆ. ನನ್ನ ಗದ್ದೆಯಲ್ಲಿ ನಿಶ್ಚಿತವಾಗಿ ಸಿಕ್ಕ ಲಾಭವೆಂದರೆ ಯೂರಿಯಾವನ್ನು ಹಂತಹಂತವಾಗಿ ಕಡಿಮೆ ಮಾಡಿದರೂ ಬೆಳೆ ಬಣ್ಣ ಕಳೆದುಕೊಳ್ಳಲಿಲ್ಲ ಎಂಬುದು.

ಫುಲ್ವಿಕ್ ಆಮ್ಲವನ್ನು ನಾನು ಮಣ್ಣಿಗೆ ಹಾಕುವುದಿಲ್ಲ, ಎಲೆಗೆ ಸಿಂಪಡಿಸಲು ಮಾತ್ರ ಇಟ್ಟುಕೊಂಡಿದ್ದೇನೆ. ಸುಣ್ಣದ ಅಂಶವಿರುವ ಕಡೆ ಕೂಳೆ ಕಬ್ಬಿನ ಹೊಸ ಎಲೆಗಳು ನರಗಳ ನಡುವೆ ಹಳದಿಗಟ್ಟಿ, ಕಡೆಗೆ ಬಿಳಿಚಿಕೊಳ್ಳುವುದುಂಟು. ಇದು ಕಬ್ಬಿಣದ ಕೊರತೆ, ಯೂರಿಯಾ ಸುರಿದರೆ ವಾಸಿಯಾಗುವ ಹಳದಿಯಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ, ಪೊಟ್ಟಣದ ಮೇಲಿನ ಪ್ರಮಾಣದಂತೆ ಫುಲ್ವಿಕ್ ಬೆರೆಸಿ, ಬಿಸಿಲಿಳಿದ ಮೇಲೆ ಸಿಂಪಡಿಸುತ್ತೇನೆ. ಫುಲ್ವಿಕ್‌ನ ಸಣ್ಣ ಅಣುಗಳು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ತುಕ್ಕಿನ ರೂಪಕ್ಕೆ ಹೋಗದಂತೆ ತಡೆಯುತ್ತವೆ. ಒಂದು ವಾರ ಬಿಟ್ಟು ಇನ್ನೊಮ್ಮೆ ಸಿಂಪಡಿಸಿದರೆ ಸುಳಿಯ ಎಲೆ ಹಸಿರಾಗಿ ಹೊರಡುತ್ತದೆ, ಆಗಲೇ ಬಿಳಿಚಿದ್ದ ಹಳೆಯ ಎಲೆ ಹಾಗೆಯೇ ಉಳಿಯುತ್ತದೆ.

ಬಸಿಗಾಲುವೆಯ ಪಕ್ಕದ ಚೌಳು ಭಾಗದ ಕಥೆ ಬೇರೆ. ರಸಸಾರ (pH) 8.5 ದಾಟಿ, ಸೋಡಿಯಂ ಮಣ್ಣನ್ನು ಗಟ್ಟಿಮಾಡಿರುವಲ್ಲಿ ನೀರು ಬಸಿದುಹೋಗಲು ದಾರಿ ಮಾಡಿ, ಮಣ್ಣು ಪರೀಕ್ಷೆಯ ಶಿಫಾರಸಿನಂತೆ ಜಿಪ್ಸಂ ಹಾಕಿ, ನೀರು ಕಟ್ಟಿ ತೊಳೆಯುವುದೇ ಮೊದಲ ಕೆಲಸ. ಜಿಪ್ಸಂನ ಕ್ಯಾಲ್ಸಿಯಂ ಹ್ಯೂಮಿಕ್ ಆಮ್ಲವನ್ನು ಗಸಿ ಮಾಡುವುದರಿಂದ ಎರಡನ್ನೂ ಒಟ್ಟಿಗೆ ಕೊಡಬಾರದು. ಅಂಥ ನೆಲಕ್ಕೆ ಹ್ಯೂಮಿಕ್ ಕೊಳ್ಳುವವರು ಪೊಟ್ಟಣದ ಮೇಲೆ ಪೊಟ್ಯಾಸಿಯಂ ಹ್ಯೂಮೇಟ್ ಎಂದಿದೆಯೇ, ಸೋಡಿಯಂ ಹ್ಯೂಮೇಟ್ ಎಂದಿದೆಯೇ ಎಂದು ಓದಿ ನೋಡಬೇಕು. ಬೆಲೆ ಕಡಿಮೆಯೆಂದು ಸೋಡಿಯಂ ಹ್ಯೂಮೇಟ್ ತಂದು, ಹೊರಗೆ ಹಾಕಬೇಕಾದ ಸೋಡಿಯಂ ಅನ್ನೇ ಮತ್ತೆ ಅದೇ ನೆಲಕ್ಕೆ ಸುರಿಯುವವರನ್ನು ನಮ್ಮ ಸುತ್ತಮುತ್ತ ನೋಡಿದ್ದೇನೆ.

ಈ ವರ್ಷ ಕಬ್ಬು ಕಡಿದ ಮೇಲೆ ತರಗು ಪುಡಿಮಾಡುವ ಯಂತ್ರದ ಬಾಡಿಗೆಗೆ ಹಣವನ್ನು ಮೊದಲೇ ತೆಗೆದಿರಿಸಿದ್ದೇನೆ. ಅದರಲ್ಲಿ ಉಳಿದದ್ದರಿಂದ ಮೇಲುಭಾಗದ ಮರಳು ಮಣ್ಣಿಗೆ ಸಾಕಾಗುವಷ್ಟು ಹರಳನ್ನು ಮಾತ್ರ ತರುತ್ತೇನೆ.