ಮಾವಿನ ಬುಡದ ಮಣ್ಣಲ್ಲೇ ಇದ್ದಾರೆ ಹಣ್ಣಿನ ನೊಣದ ವೈರಿಗಳು

ಮಾವಿನಹಣ್ಣು ಹೆಚ್ಚಿದಾಗ ಒಳಗೆ ಬಿಳಿ ಹುಳ ಕಂಡರೆ ಅದು ಹೆಚ್ಚಾಗಿ ಹಣ್ಣಿನ ನೊಣದ ಮರಿ. ಅದು ಹಣ್ಣೊಳಗೆ ಇರುವಷ್ಟು ದಿನ ಮೇಲೆ ಹೊಡೆದ ಔಷಧಿ ತಾಗುವುದು ಕಷ್ಟ. ಬಲಿತ ಮೇಲೆ ಮಾತ್ರ ಅದು ಮಣ್ಣಿಗೆ ಇಳಿಯುತ್ತದೆ. ಮೇಲಿನ 2–3 ಅಂಗುಲದಲ್ಲೇ ಕೋಶವಾಗಿ (ಪ್ಯೂಪಾ), ಹೆಚ್ಚುಕಡಿಮೆ 10 ದಿನಕ್ಕೆ ನೊಣವಾಗಿ ಹಾರುತ್ತದೆ. ನಮಗೆ ಸಿಗುವ ಸಮಯ ಇದೇ.

ಮೊದಲು ನಿಮ್ಮ ಮಣ್ಣಲ್ಲಿ ಯಾರಿದ್ದಾರೆ ನೋಡಿ. ಸಂಜೆ ಮರದ ಕೆಳಗೆ ಒಂದು ಪ್ಲಾಸ್ಟಿಕ್ ಲೋಟವನ್ನು ಅಂಚು ನೆಲಕ್ಕೆ ಸಮ ಬರುವಂತೆ ಹೂತಿಡಿ. ಬೆಳಿಗ್ಗೆ ಇರುವೆ, ಜೇಡ, ಕರಿ ಜೀರುಂಡೆ ಬಿದ್ದಿದ್ದರೆ ಖುಷಿಪಡಿ. ಹುಳ, ಕೋಶ ತಿನ್ನುವವರು ಇವರೇ. ನೋಡಿ ಬಿಟ್ಟುಬಿಡಿ. ಲೋಟ ಖಾಲಿ ಇದ್ದರೆ ಇನ್ನೆರಡು ಕಡೆ ಇಟ್ಟು ನೋಡಿ.

ಬುಡಕ್ಕೆ ಕೀಟನಾಶಕ ಸುರಿಯುವುದನ್ನು ನಿಲ್ಲಿಸಿ. ನೊಣಕ್ಕಿಂತ ಮೊದಲು ಸಾಯುವುದು ಈ ಬಳಗವೇ. ತರಗೆಲೆಯನ್ನೂ ಸುಡಬೇಡಿ, ಜೀರುಂಡೆ ಹಗಲು ಅಡಗುವುದು ಅದರ ಕೆಳಗೆ. ಕೊಯ್ಲಾದ ಮೇಲೆ ಮಣ್ಣು ಕೆದಕಿದರೆ ಕೋಶಗಳು ಬಿಸಿಲಿಗೆ, ಹಕ್ಕಿಗೆ ಸಿಗುತ್ತವೆ ನಿಜ. ಆದರೆ ಇಡೀ ತೋಟ ಉಳುವುದು ಬೇಡ. ಮರದ ನೆರಳಿನಷ್ಟು ಜಾಗ ತೆಳ್ಳಗೆ ಕೆದಕಿ, ಸಾಲಿನ ನಡುವೆ ತರಗೆಲೆ ಹಾಗೇ ಇರಲಿ.

ಉದುರಿದ ಹಣ್ಣನ್ನು ದಿನಾ ಆರಿಸಿ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ಸುಮ್ನೆ. ಆರಿಸಿದ್ದನ್ನು 2 ಅಡಿ ಆಳಕ್ಕೆ ಹೂಳಿ, ಇಲ್ಲವೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗೆ ಇಡಿ.

ಆಮೇಲೆ ಮೆಟಾರೈಜಿಯಂ. ಇದು ಮಣ್ಣಲ್ಲೇ ಇರುವ ಶಿಲೀಂಧ್ರ. ಹುಳದ ಚರ್ಮ ಕೊರೆದು ಒಳಹೊಕ್ಕು ಕೊಲ್ಲುತ್ತದೆ, ಸತ್ತ ಹುಳದ ಮೇಲೆ ಹಸಿರು ಪುಡಿ ಬರುತ್ತದೆ. ಪೊಟ್ಟಣದ ಮೇಲೆ ಬರೆದ ಪ್ರಮಾಣದಲ್ಲಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ಮೊದಲ ಮಳೆಗೆ ನೆಲ ನೆನೆದ ಮೇಲೆ ಸಂಜೆ ಹೊತ್ತು ಬುಡದ ಸುತ್ತ ಹರಡಿ. ಒಣ ಮಣ್ಣಲ್ಲಿ, ಸುಡು ಬಿಸಿಲಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಜೊತೆಗೆ ಶಿಲೀಂಧ್ರನಾಶಕ ಬೆರೆಸಿದರೆ ದುಡ್ಡು ದಂಡ ಅಷ್ಟೇ.

ಕೋಲಾರ, ರಾಮನಗರದ ಕಡೆಯವರಿಗೆ ಒಂದು ಮಾತು. ಅಲ್ಲಿ ಮಾವಿನ ಪಕ್ಕದಲ್ಲೇ ಹಿಪ್ಪುನೇರಳೆ ಇರುತ್ತದೆ, ಅಲ್ವಾ? ರೇಷ್ಮೆಹುಳಕ್ಕೆ ಸುಣ್ಣಕಟ್ಟು ರೋಗ ತರುವುದು ಬ್ಯುವೇರಿಯಾ ಎಂಬ ಇನ್ನೊಂದು ಶಿಲೀಂಧ್ರ, ಅದೂ ಜೈವಿಕ ಔಷಧಿಯಾಗಿ ಅಂಗಡಿಯಲ್ಲಿ ಸಿಗುತ್ತದೆ. ಮೆಟಾರೈಜಿಯಂ ಕೂಡ ರೇಷ್ಮೆಹುಳಕ್ಕೆ ಒಳ್ಳೆಯದಲ್ಲ. ಹುಳು ಸಾಕುವ ಮನೆ ಹತ್ತಿರವಿದ್ದರೆ ಇವೆರಡೂ ಬೇಡ. ಇರುವೆ, ಜೀರುಂಡೆ ಉಳಿಸಿಕೊಂಡು ಹಣ್ಣು ಆರಿಸುವುದನ್ನೇ ಬಿಗಿಯಾಗಿ ಮಾಡಿ.