ಶಾಲೆ ತೆರೆಯುವ ಮೊದಲು ಕಾಗದಕ್ಕೆ ಬಿಸಿಲು ತೋರಿಸಿ

ಕಾಸರಗೋಡಿನಲ್ಲಿ ಶಾಲೆಯೂ ಮಳೆಗಾಲವೂ ಹೆಚ್ಚುಕಡಿಮೆ ಒಟ್ಟಿಗೇ ಶುರುವಾಗುತ್ತವೆ. ಜೂನ್ ಮೊದಲ ವಾರದ ಪ್ರವೇಶೋತ್ಸವಕ್ಕೆ ಕಟ್ಟಿದ ತೋರಣ ಬಿಚ್ಚುವಷ್ಟರಲ್ಲಿ ಗೋಡೆ ಬೆವರತೊಡಗಿರುತ್ತದೆ. ಹಾಗಾಗಿ ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರುಗಳು ಮನೆಗೆ ಬಂದು ಕೇಳಿದಾಗ ನಾನು ಮೊದಲು ಹೇಳುವುದು ಇಷ್ಟು: ಕಾಗದಪತ್ರ ಜೋಡಿಸುವುದು ಮೇ ತಿಂಗಳ ಕೆಲಸ. ಹಪ್ಪಳ, ಸಂಡಿಗೆ ಒಣಗಿಸುವ ಬಿಸಿಲಿನಲ್ಲೇ ಅದನ್ನೂ ಮುಗಿಸಿಬಿಡಿ. ಒಮ್ಮೆ ತಂಡಿ ಹಿಡಿದ ಕಾಗದವನ್ನು ಎಷ್ಟು ಚಂದವಾಗಿ ಜೋಡಿಸಿಟ್ಟರೂ ಬೂಸಲು ಬರುವುದು ತಪ್ಪುವುದಿಲ್ಲ.

ಹೆಚ್ಚಿನವರು ವಿಷಯವಾರು ಕಡತ ಮಾಡುತ್ತಾರೆ. ಕನ್ನಡಕ್ಕೊಂದು, ಗಣಿತಕ್ಕೊಂದು, ಪರಿಸರ ಅಧ್ಯಯನಕ್ಕೊಂದು. ಕಪಾಟಿನಲ್ಲಿ ನೋಡಲು ಚಂದ, ಆದರೆ ಬೆಳಿಗ್ಗೆ ಒಂಬತ್ತೂವರೆಗೆ ಕೈಗೆ ಬೇಕಾದದ್ದು ಸಿಗುವುದಿಲ್ಲ. ನಮ್ಮ ಕೇರಳದ ಶಾಲೆಗಳ ವರ್ಷ ನಡೆಯುವುದು ಓಣಂ ಪರೀಕ್ಷೆ, ಕ್ರಿಸ್ಮಸ್ ಪರೀಕ್ಷೆ, ಮಾರ್ಚಿನ ವಾರ್ಷಿಕ ಪರೀಕ್ಷೆ ಎಂಬ ಮೂರು ಮಜಲುಗಳಲ್ಲಿ. ಕಾಗದವನ್ನೂ ಹಾಗೆಯೇ ಮೂರು ರಟ್ಟಿನ ಪೆಟ್ಟಿಗೆಗಳಲ್ಲಿ ವಿಂಗಡಿಸಿ. ಪಾಠ ಯೋಜನೆ, ಚಟುವಟಿಕೆಯ ಹಾಳೆ, ಹಿಂದಿನ ವರ್ಷದ ಪ್ರಶ್ನೆಪತ್ರಿಕೆ, ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್) ಎಲ್ಲವೂ ಆಯಾ ಪಾಠದ ಜೊತೆಗೇ ಇರಲಿ. ಮೇಜಿನ ಬಳಿ ನಡೆಯುತ್ತಿರುವ ಅವಧಿಯ ಪೆಟ್ಟಿಗೆ ಮಾತ್ರ, ಉಳಿದೆರಡು ಒಳಗೆ. ಓಣಂ ರಜೆಯಲ್ಲಿ ಒಂದು ಮಧ್ಯಾಹ್ನ ಕುಳಿತು ಮೊದಲನೆಯದನ್ನು ಒಳಗಿಟ್ಟು ಎರಡನೆಯದನ್ನು ಹೊರಗೆ ತೆಗೆದರೆ ಆಯಿತು.

ಇದರ ಹೊರತಾಗಿ ಕಚೇರಿಯ ಕಾಗದಗಳಿಗೆಂದೇ ಬೇರೆ ಬಣ್ಣದ ಒಂದು ಕಡತ ಬೇಕು. ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ಲೆಕ್ಕ ತೆಗೆಯುತ್ತಾರೆ, ಶಾಲೆಯ ಹುದ್ದೆಗಳು ಆ ಲೆಕ್ಕವನ್ನೇ ನೆಚ್ಚಿಕೊಂಡಿರುತ್ತವೆ. ಕನ್ನಡ ಮಾಧ್ಯಮದಲ್ಲಿ ಒಂದೆರಡು ಮಕ್ಕಳ ಹೆಚ್ಚುಕಡಿಮೆಯೂ ದೊಡ್ಡ ಸಂಗತಿ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆ ವಾರದ ಪಟ್ಟಿ, ಪ್ರತಿಗಳು ಕಡತದ ಮೇಲ್ಭಾಗದಲ್ಲೇ ಇರಲಿ. ಇನ್ನು ಸುತ್ತೋಲೆಗಳು ಬರುವುದು ಹೆಚ್ಚಾಗಿ ಮಲಯಾಳದಲ್ಲಿ. ಓದಿದ ಕೂಡಲೇ ಮೇಲಿನ ಮೂಲೆಯಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಒಂದು ಸಾಲು ಬರೆದಿಡಿ: ಏನು ಬೇಕು, ಯಾವ ತಾರೀಖಿಗೆ ಬೇಕು. ಮಲಯಾಳ ಸರಾಗವಾಗಿ ಓದಬಲ್ಲವರಿಗೂ ಇದು ಉಪಕಾರವೇ, ಏಕೆಂದರೆ ಮೂರು ಪುಟ ತಿರುವಿ ತಾರೀಖು ಹುಡುಕುವ ವ್ಯವಧಾನ ಯಾರಿಗಿದೆ?

ಈಗ ತಂಡಿಯ ವಿಷಯ. ನಮ್ಮಲ್ಲಿ ಮುರಕಲ್ಲಿನ ಗೋಡೆಗಳು ಹೆಚ್ಚು, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಅವು ನೀರು ಕುಡಿದು ಕುಳಿತಿರುತ್ತವೆ. ಕಪಾಟನ್ನು ಗೋಡೆಗೆ ತಾಗಿಸಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಪೆಟ್ಟಿಗೆ ನೆಲದ ಮೇಲೆ ಬೇಡ, ಎರಡು ಮರದ ಪಟ್ಟಿ ಇಟ್ಟು ಅದರ ಮೇಲಿಡಿ. ಹಾಗಿಟ್ಟರೆ ಒರಲೆ ಮಣ್ಣಿನ ಗೆರೆ ಎಳೆದುಕೊಂಡು ಬಂದರೂ ಕಣ್ಣಿಗೆ ಬೀಳುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದರೆ ಕ್ಷೇಮ ಎಂದುಕೊಳ್ಳುವವರಿದ್ದಾರೆ. ಕಾಗದ ಗರಿಗರಿಯಾಗಿ ಒಣಗಿದ್ದರೆ ಸರಿ, ಇಲ್ಲದಿದ್ದರೆ ತೇವವನ್ನೂ ಒಳಗೇ ಕಟ್ಟಿಟ್ಟ ಹಾಗೆ. ಆಟಿಯಲ್ಲಿಯೂ ನಡುವೆ ಒಂದೊಂದು ದಿನ ಬಿಸಿಲು ಬರುತ್ತದೆ. ಅಂದು ಕಪಾಟಿನ ಬಾಗಿಲು ತೆರೆದಿಡಿ, ಅಷ್ಟೇ ಸಾಕು.

ಗುಂಡುಸೂಜಿ, ಸ್ಟೇಪಲ್ ಪಿನ್ನು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಕಾಗದದ ಮೂಲೆ ಕಂದಾಗಿ ಉದುರುತ್ತದೆ. ತೂತು ಮಾಡಿ ನೂಲು ಪೋಣಿಸಿ. ರಬ್ಬರ್ ಬ್ಯಾಂಡಂತೂ ಕರಗಿ ಅಂಟಿಕೊಂಡರೆ ಬಿಡಿಸಲಾಗದು. ಗಣಿತಕ್ಕೆ ಹತ್ತರ ಕಡ್ಡಿಕಟ್ಟು ಮಾಡುವಾಗ ನಾನು ಹಳೆಯ ಸೈಕಲ್ ಟ್ಯೂಬನ್ನು ಸಪೂರ ಉಂಗುರಗಳಾಗಿ ಕತ್ತರಿಸಿ ಬಳಸುತ್ತಿದ್ದೆ. ಮಕ್ಕಳು ಎಷ್ಟು ಎಳೆದರೂ ಹರಿಯುವುದಿಲ್ಲ. ಎಣಿಕೆಗೆಂದು ಕೂಡಿಟ್ಟ ಹುಣಸೆಬೀಜಕ್ಕೆ ಹುಳ ಬೀಳುತ್ತದೆ, ಚೆನ್ನಾಗಿ ಒಣಗಿಸಿ ಮುಚ್ಚಳ ಬಿಗಿಯಾದ ಭರಣಿಗೆ ಹಾಕಿ.

ಚಿತ್ರ ಅಂಟಿಸಲು ಮನೆಯಲ್ಲೇ ಮೈದಾ ಗೋಂದು ಕಾಸುವವರು ಈಗಲೂ ಇದ್ದಾರೆ. ಅಗ್ಗ, ಚೆನ್ನಾಗಿ ಹಿಡಿಯುತ್ತದೆ, ಆದರೆ ಜಿರಲೆಗೂ ಬೆಳ್ಳಿಬಣ್ಣದ ಆ ಸಣ್ಣ ಹುಳಕ್ಕೂ ಅದು ಹಬ್ಬದೂಟ. ಹಿಂದೆ ಪುಸ್ತಕ ಕಟ್ಟುವವರು ಅದಕ್ಕೆ ಚಿಟಿಕೆ ಮೈಲುತುತ್ತು ಹಾಕುತ್ತಿದ್ದರು. ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸಿ ಅಡಿಕೆಗೆ ಸಿಂಪಡಿಸುವ ಅದೇ ಮೈಲುತುತ್ತು, ತೋಟವಿದ್ದವರ ಮನೆಯಲ್ಲಿ ಇದ್ದೇ ಇರುತ್ತದೆ. ಅದು ವಿಷ, ಮಕ್ಕಳ ಕೈಗೆ ಹೋಗುವ ಯಾವುದಕ್ಕೂ ಬೇಡ. ಅಂಗಡಿಯ ಬಿಳಿ ಅಂಟೇ ಒಳ್ಳೆಯದು.

ಗೋಡೆಚಿತ್ರ ಸುತ್ತುವಾಗ ಎಲ್ಲರೂ ಚಿತ್ರವನ್ನು ಒಳಗೆ ಮಾಡುತ್ತಾರೆ, ಹಾಳಾಗಬಾರದು ಎಂದು. ಹಾಗೆ ಸುತ್ತಿದ್ದನ್ನು ತೂಗುಹಾಕಿದರೆ ಕೆಳತುದಿ ಮಕ್ಕಳ ಕಡೆಗೆ ಸುರುಳಿಯಾಗಿ ಮೇಲೇಳುತ್ತದೆ, ಟೀಚರ್ ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಪಾಠ ಮಾಡಬೇಕು. ಚಿತ್ರ ಹೊರಗೆ ಬರುವಂತೆ ಒಂದು ತುಂಡು ಪಿವಿಸಿ ಪೈಪಿಗೆ ಸುತ್ತಿ, ಮೇಲೊಂದು ಹಳೆಯ ಪಂಚೆಯ ತುಂಡು ಕಟ್ಟಿ. ತೂಗುಹಾಕಿದಾಗ ತುದಿ ಗೋಡೆಯ ಕಡೆಗೇ ಬಾಗಿ ನೆಟ್ಟಗೆ ನಿಲ್ಲುತ್ತದೆ.

ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬುದರಲ್ಲಿ ನಾನು ಸ್ವಲ್ಪ ನಿಷ್ಠುರ. ಕೇರಳದಲ್ಲಿ 2024ರಲ್ಲಿ 1, 3, 5, 7, 9ನೇ ತರಗತಿಗಳಿಗೂ 2025ರಲ್ಲಿ 2, 4, 6, 8, 10ಕ್ಕೂ ಹೊಸ ಪಠ್ಯಪುಸ್ತಕಗಳು ಬಂದವು. ಹಳೆಯ ಪಾಠದ ಟಿಪ್ಪಣಿಗಳನ್ನು ಇನ್ನೂ ಕಟ್ಟಿಟ್ಟುಕೊಂಡಿದ್ದರೆ ಅದು ಮೋಹ. ಚಿತ್ರ, ನಕ್ಷೆ, ಗಾದೆ ಮತ್ತು ಒಗಟುಗಳ ಸಂಗ್ರಹ ಮಾತ್ರ ಪಠ್ಯ ಬದಲಾದರೂ ಕೆಲಸಕ್ಕೆ ಬರುತ್ತದೆ. ಕನ್ನಡದಲ್ಲಿ ಸಿದ್ಧ ಸಾಮಗ್ರಿ ನಮಗೆ ಸಿಗುವುದೇ ಅಪರೂಪವಾದ್ದರಿಂದ ಅವನ್ನು ಬೇರೆಯೇ ಒಂದು ಪೆಟ್ಟಿಗೆಯಲ್ಲಿ ಜೋಪಾನ ಮಾಡಿ, ಪಕ್ಕದ ಶಾಲೆಯವರು ಕೇಳಿದರೆ ಕೊಡಿ, ಕೊಟ್ಟದ್ದನ್ನು ಬರೆದಿಡಿ.

ಮಾರ್ಚ್ ಮುಗಿದ ಮೇಲೆ ಮಕ್ಕಳ ಚಿತ್ರ, ಕೈಬರಹದ ಪತ್ರಿಕೆ ಅವರಿಗೇ ಮರಳಿಸಿ. ಉಳಿದದ್ದನ್ನು ಗುಜರಿಯವನಿಗೆ ಹಾಕುವ ಮೊದಲು ಹೆಸರು, ಆಧಾರ್ ಸಂಖ್ಯೆ, ಅಂಕ ಇರುವ ಹಾಳೆಗಳನ್ನು ಆರಿಸಿ ತೆಗೆಯಿರಿ. ದಾಖಲೆಯಾಗಿ ಉಳಿಯಬೇಕಾದದ್ದು ಶಾಲೆಯ ಕಪಾಟಿಗೆ, ಬೇಡವಾದದ್ದು ಚೂರುಚೂರಾಗಿ ಬಚ್ಚಲೊಲೆಗೆ. ಒಂದು ಮಗ್ಗುಲು ಖಾಲಿ ಇರುವ ದಪ್ಪ ಹಾಳೆಗಳನ್ನು ಮಾತ್ರ ಕೊಡಬೇಡಿ, ಬರುವ ವರ್ಷದ ಮಿಂಚುಪಟ್ಟಿಗೆ ಅವೇ ಆಗುತ್ತವೆ.